ಕೋಟಿನ ಒಳಕಿಸೆಯಲ್ಲಿದ್ದ ಚಂಚಿ

ಶಾಂತಕ್ಕನ ಪಡಸಾಲೆಯ ಮೂರನೆಯ ಮೊಳೆಗೆ ಮೊನ್ನೆಮೊನ್ನೆಯವರೆಗೂ ನನ್ನ ತಂಬಾಕಿನ ಚಂಚಿ ತೂಗುತ್ತಿತ್ತು. ಅದರ ದಾರದಲ್ಲಿ ನಲವತ್ತೊಂದು ಗಂಟುಗಳಿದ್ದವು. ಅವುಗಳಲ್ಲಿ ಒಂದೂ ನಿಜವಲ್ಲ. ಒಂದೊಂದನ್ನೂ ನಾನೇ, ಹತ್ತು ಜನರ ಎದುರು, ಮುಖದ ಮೇಲೆ ಸಾತ್ವಿಕ ಕಳೆ ತಂದುಕೊಂಡು ಹಾಕಿದ್ದೇನೆ — ಸುಳ್ಳು ಹೇಳಿ ಹಾಕಿದ್ದೇನೆ. ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಗರಜು ಬೀಳುತ್ತಿರಲಿಲ್ಲವೇನೋ. ಆ ಗಂಟುಗಳನ್ನು ಉಳಿಸಿಕೊಳ್ಳಲು ನಾನು ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಆ ಪಡಸಾಲೆಯಿಂದ ಎಬ್ಬಿಸಿ ಕಳಿಸಿದೆ. ಅವರ ಹೆಸರು ರಾಜಾಸಾಬ. ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ಟೇಲರ್ ಆಗಿದ್ದರು.

ನಾನು ಕುಷ್ಟಗಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಅದಕ್ಕಿಂತ ಮೊದಲು, ಹುಟ್ಟಿನಿಂದಲೇ, ಚಿಂತೆಯ ಮನುಷ್ಯ. ಬಸ್ಸಿನಲ್ಲಿ ಕೂತರೆ ಮನೆಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ, ಮನೆಯಲ್ಲಿ ಕೂತರೆ ಬಸ್ಸು ತಪ್ಪಿಸಿಕೊಂಡೆನೋ ಎಂಬ ಚಿಂತೆ. ಚಿಂತೆಗೆ ತಂಬಾಕು ಬೇಕು. ತಂಬಾಕು ಹಾಕಿಕೊಂಡರೆ ಬಾಯಿಹುಣ್ಣಿನ ಚಿಂತೆ. ಆ ಚಿಂತೆಗೆ ಮತ್ತೊಂದು ಚಿಟಿಕೆ... ಹೀಗೆ ಇಪ್ಪತ್ತು ವರ್ಷ. ‘ತಂಬಾಕು ಆರೋಗ್ಯಕ್ಕೆ ಹಾನಿಕರ’ ಎಂದು ಹಲಗೆಯ ಮೇಲೆ ದುಂಡಗೆ ಬರೆದು, ಬೆರಳಿಗಂಟಿದ ಸುಣ್ಣವನ್ನು ಧೋತರದ ಅಂಚಿಗೆ ಒರೆಸಿಕೊಳ್ಳುತ್ತಿದ್ದೆ. ಅದು ಸೀಮೆಸುಣ್ಣ ಎಂದು ಮಕ್ಕಳು ನಂಬಿದ್ದರು. ನಂಬಿಕೆಯ ಮೇಲೆ ಬದುಕುವ ವಿದ್ಯೆ ನನಗೆ ಆಗಲೇ ಕೈವಶವಾಗಿತ್ತು.

ಒಂಬತ್ತು ವರ್ಷಗಳ ಹಿಂದೆ ಶಾಂತಕ್ಕ ಆ ಕೂಟವನ್ನು ಶುರುಮಾಡಿದಳು. ನರ್ಸ್ ಆಗಿ ನಿವೃತ್ತಳಾದವಳು. ತಂಬಾಕು, ಗುಟಕಾ ಬಿಡಬೇಕೆನ್ನುವವರು ಪ್ರತಿ ಐತ್ವಾರ ಮುಂಜಾನೆ ಏಳಕ್ಕೆ ಅವಳ ಮನೆಗೆ ಬರಬೇಕು. ಬಂದ ಮೊದಲ ದಿನ ತನ್ನ ಚಂಚಿಯನ್ನು — ಎಲೆ, ಅಡಿಕೆ, ತಂಬಾಕು ಇಡುವ ಆ ಬಟ್ಟೆಯ ಸಂಚಿಯನ್ನು — ಅಂಗಳದಲ್ಲಿ ಝಾಡಿಸಿ, ಖಾಲಿ ಮಾಡಿ, ಪಡಸಾಲೆಯ ಮೊಳೆಗೆ ತೂಗುಹಾಕಬೇಕು. ಆಮೇಲೆ ವಾರವಾರ ಒಬ್ಬೊಬ್ಬರನ್ನೇ ಅವಳು ಕೇಳುತ್ತಾಳೆ: “ಈ ವಾರ ಹೆಂಗಿತ್ತು?” ಬಾಯಿಗೆ ತಂಬಾಕು ಮುಟ್ಟಿಸದೆ ವಾರ ದಾಟಿಸಿದವರು ಎದ್ದುಹೋಗಿ ಚಂಚಿಯ ದಾರಕ್ಕೆ ಒಂದು ಗಂಟು ಹಾಕಬೇಕು. ತಪ್ಪಿದವರು ಹೇಗೆ ತಪ್ಪಿದೆವೆಂದು ಹೇಳಬೇಕು, ಅಷ್ಟೇ. ಬೈಗುಳವಿಲ್ಲ, ದಂಡವಿಲ್ಲ, ಬಾಯಿ ಮೂಸಿ ನೋಡುವುದಿಲ್ಲ. ಹೇಳಿದ್ದನ್ನು ನಂಬುವುದೇ ಅಲ್ಲಿಯ ಪದ್ಧತಿ.

ಆ ಮುಂಜಾವುಗಳು ಈಗಲೂ ಮೂಗಿಗೆ ಬರುತ್ತವೆ. ಸೆಗಣಿ ಸಾರಿಸಿದ ಅಂಗಳ, ಹುರಿದ ಓಂಕಾಳಿನ ಘಮ, ಸ್ಟೀಲಿನ ಬೋಗುಣಿಯಲ್ಲಿ ಮಂಡಕ್ಕಿ ಒಗ್ಗರಣೆ. ಬಾಯಿ ಖಾಲಿಯಾದರೆ ಕೈ ಚಂಚಿ ಹುಡುಕುತ್ತದೆಂದು ಶಾಂತಕ್ಕ ಎಲ್ಲರ ಅಂಗೈಗೂ ಸೋಂಪು ಸುರಿಯುತ್ತಿದ್ದಳು. ಜಂಪರಿನ ಬಟ್ಟೆ ಮಾರುವವನು, ಬಸ್ ಕಂಡಕ್ಟರು, ಹೂ ಕಟ್ಟುವ ಅಜ್ಜಿ, ನಾನು — ಬೇರೆ ಎಲ್ಲಿಯೂ ಒಂದೇ ಚಾಪೆಯ ಮೇಲೆ ಕೂರದ ಜನ. ಅಷ್ಟು ಹಗುರಾಗಿ ನಗುವುದು ನನಗೆ ಮತ್ತೆಲ್ಲೂ ಆಗಿಲ್ಲ.

ನಗಿಸುತ್ತಿದ್ದವರು ರಾಜಾಸಾಬ. ಹೆಚ್ಚುಕಡಿಮೆ ಪ್ರತಿ ವಾರ ತಪ್ಪುತ್ತಿದ್ದರು, ತಪ್ಪಿದ್ದನ್ನು ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳುತ್ತಿದ್ದರು.

“ಮಂಗಳವಾರ ತಾವರಗೇರಾದಿಂದ ಬೀಗರು ಬಂದಿದ್ರು. ಬೀಗ ಚಂಚಿ ಬಿಚ್ಚಿದ. ನಾ ಮುಖ ಆ ಕಡೆ ಮಾಡಿದೆ. ಖರೆ ಹೇಳ್ತೀನಿ ಅಕ್ಕಾ, ಮುಖ ಆ ಕಡೀನ ಇತ್ತು — ಕೈ ಈ ಕಡೆ ಹೋತು.”

“ಆ ಕೈ ಎಲ್ಲ್ಯರ ಬಿಟ್ಟು ಬಾರೋ!” ಎಂದು ಹೂವಿನ ಅಜ್ಜಿ ಅನ್ನುತ್ತಿದ್ದಳು.

“ಕೈ ಬಿಟ್ಟು ಟೇಲರ್ ಎಲ್ಲಿ ಹೋಗ್ಲಿ ಅಮ್ಮಾ?”

ನಗು ಮುಗಿಯುವಷ್ಟರಲ್ಲಿ ಕಂಡಕ್ಟರು ತಲೆ ತಗ್ಗಿಸಿ, “ನಂದೂ ಗುರುವಾರ ಒಂದು ಐತ್ರಿ...” ಎಂದು ಶುರುಮಾಡುತ್ತಿದ್ದ. ಆಮೇಲೆ ಅಜ್ಜಿ. ರಾಜಾಸಾಬರ ಹಿಂದೆಯೇ ಒಬ್ಬೊಬ್ಬರ ಬಾಯೂ ಬಿಚ್ಚುತ್ತಿತ್ತು. ಒಬ್ಬ ಮನುಷ್ಯ ಮೊದಲು ಹೇಳಿದ್ದಕ್ಕೆ ಉಳಿದವರಿಗೆ ಹೇಳಲು ಬರುತ್ತಿತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ. ನಾನು ನನ್ನ ಗಂಟು ಎಣಿಸುತ್ತಿದ್ದೆ.

ಏಕೆಂದರೆ ನನ್ನ ವಾರ ಮಾತ್ರ ಯಾವಾಗಲೂ ಛಲೋ ಇರುತ್ತಿತ್ತು. ಮೊದಲ ವಾರ ಬುಧವಾರಕ್ಕೇ ತಪ್ಪಿದ್ದೆ. ಮಾಸ್ತರ ಮೊದಲ ವಾರವೇ ತಪ್ಪಿದ ಅಂದರೆ ಜನ ಏನಂದಾರು — ಆ ಚಿಂತೆಗೆ ಮೊದಲ ಗಂಟು. ಎರಡನೆಯ ವಾರ, ಮೊದಲ ವಾರದ ಗಂಟಿಗೆ ಏನಂದಾರು... ನಲವತ್ತೊಂದಕ್ಕೆ ಬಂದು ಮುಟ್ಟಿದ್ದು ಹೀಗೆಯೇ. ಹೊಸದೊಂದು ಚಂಚಿಯನ್ನು ಪೇಟೆಯಲ್ಲಿ ಕೊಂಡು, ಯಾರೂ ಮುಟ್ಟದ ಜಾಗವೆಂದು, ನನ್ನ ಮದುವೆಯ ಕೋಟಿನ ಒಳಕಿಸೆಯಲ್ಲಿ ಅಡಗಿಸಿಟ್ಟಿದ್ದೆ. ಅತ್ತ ಪಡಸಾಲೆಯಲ್ಲಿ ಹೊಸಬರು ಬಂದರೆ ಶಾಂತಕ್ಕ ನನ್ನ ದಾರ ತೋರಿಸಿ, “ಇಲ್ಲಿ ನೋಡ್ರಿ, ಮಾಸ್ತರ್‌ದು” ಅನ್ನುತ್ತಿದ್ದಳು. ನಾನು ‘ಛೆ ಛೆ, ಎಲ್ಲ ನಿಮ್ಮ ಆಶೀರ್ವಾದ’ ಎಂಬ ಮುಖ ಮಾಡುತ್ತಿದ್ದೆ. ಆ ಮುಖ ಈಗ ನೆನಪಾದರೆ ಕನ್ನಡಿ ನೋಡಲು ಬೇಸರ.

ಒಂದು ಗುರುವಾರ ಶಾಲೆಯಿಂದ ಬಂದು ನೋಡುತ್ತೇನೆ — ಕಪಾಟಿನಲ್ಲಿ ಕೋಟಿಲ್ಲ.

“ಅಕ್ಕನ ಮಗಳ ಮದುವಿಗೆ ಬೇಕಲ್ರಿ, ರಾಜಾಸಾಬಗ ಕೊಟ್ಟು ಬಂದೀನಿ,” ಎಂದಳು ಹೆಂಡತಿ ಗಿರಿಜಾ. “ಸಡ್ಲ ಮಾಡ್ಲಿ. ನಿಮ್ಮ ಹೊಟ್ಟಿ ಎಷ್ಟು ಮುಂದ ಬಂದೈತಿ, ಕೋಟು ಅಲ್ಲೇ ನಿಂತೈತಿ.”

ಓಡಿದೆ. ಅಂಗಡಿ ಮುಚ್ಚಿತ್ತು. ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಕೋಟು ಮನೆಗೆ ಬಂದು, ಮೊಳೆಗೆ ತೂಗುತ್ತಿತ್ತು. ಒಳಕಿಸೆಗೆ ಕೈ ಹಾಕಿದೆ. ಚಂಚಿ ಇತ್ತು. ತಂಬಾಕೂ ಇತ್ತು, ಸುಣ್ಣದ ಡಬ್ಬಿಯೂ ಇತ್ತು. ಒಂದೇ ಒಂದು ಬದಲಾಗಿತ್ತು — ಚಂಚಿಯ ತಳ ಹರಿದು ಪುಡಿ ಸೋರುತ್ತಿತ್ತು, ಅದನ್ನು ಸಣ್ಣ ಸಣ್ಣ ಹೊಲಿಗೆ ಹಾಕಿ ಮುಚ್ಚಿದ್ದರು. ಹರಿದದ್ದು ಕಣ್ಣಿಗೆ ಬಿದ್ದರೆ ರಾಜಾಸಾಬರ ಕೈ ಸುಮ್ಮನಿರುತ್ತಿರಲಿಲ್ಲ. ಅದರ ಹಿಂದೆ ಅಣಕವಿತ್ತೇ, ಎಚ್ಚರಿಕೆಯಿತ್ತೇ? ಏನೂ ಇರಲಿಲ್ಲವೆಂದು ಇಂದು ಬಲ್ಲೆ. ಅಂದು ಮಾತ್ರ ಬೇರೆಯೇ ತಿಳಿದೆ. ಅವರು ಹೇಳುತ್ತಾರೆ. ಐತ್ವಾರ, ಎಲ್ಲರ ಎದುರು, ತಮ್ಮ ಆ ನಗುವ ದನಿಯಲ್ಲೇ ಹೇಳುತ್ತಾರೆ. ಹೂವಿನ ಅಜ್ಜಿ ನಗುತ್ತಾಳೆ. ಓಣಿ ನಗುತ್ತದೆ. ಶಾಲೆಯ ಹಲಗೆ ನಗುತ್ತದೆ...

ಐತ್ವಾರ ಬಂತು. ರಾಜಾಸಾಬರ ಸರದಿಯೂ ಬಂತು. ಅವರು ನನ್ನ ಕಡೆ ನೋಡಲೇ ಇಲ್ಲ. ಎಂದಿನಂತೆ ಎದೆಯ ಮೇಲೆ ಕೈಯಿಟ್ಟು, “ಎರಡು ಸಲ ತಪ್ಪೀನಿ ಅಕ್ಕಾ,” ಎಂದರು. ಮುಂದಿನ ಮಾತು ನನ್ನದೇ ಎಂದು ನನಗನ್ನಿಸಿತು. ಅದು ಹೊರಬೀಳುವ ಮೊದಲೇ ನಾನು ಎದ್ದು ನಿಂತುಬಿಟ್ಟಿದ್ದೆ.

“ವಾರವಾರ ತಪ್ಪೀನಿ ಅನ್ನೂದ ಒಂದು ಚಟ ಆಗೇತಿ ಇವರಿಗೆ,” ಎಂದೆ. “ಹೇಳಿ ನಗಸ್ತಾರ, ಹೋಗಿ ಹಾಕ್ಕೊಂತಾರ. ಇವರ ಸಲುವಾಗಿ ಉಳದವರೂ ಕೆಡ್ತಾರ. ಒಂದು ತಿಂಗಳು ಖರೇನ ಬಿಟ್ಟು ತೋರಿಸ್ಲಿ. ಅಲ್ಲೀತನಕ ಬರೂದು ಬ್ಯಾಡ.”

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ಜನ ಗದರಿಸಿ ಕೂರಿಸುತ್ತಿದ್ದರು. ಹೇಳಿದವನು ನಲವತ್ತೊಂದು ಗಂಟಿನವನು. ಕಂಡಕ್ಟರು ಚಾಪೆಯ ಎಳೆ ಕೀಳುತ್ತ ಕೂತ. ಶಾಂತಕ್ಕ ಮಾತ್ರ, “ಮಾಸ್ತರ, ಇದು ಸಾಲಿ ಅಲ್ಲ” ಎಂದಳು. ಅಷ್ಟರಲ್ಲಿ ರಾಜಾಸಾಬ ಎದ್ದಿದ್ದರು.

“ಇರ್ಲಿ ಅಕ್ಕಾ. ಮಾಸ್ತರ್ ಹೇಳೂದು ಖರೆ ಐತಿ.”

ನನ್ನ ಪಕ್ಕದಿಂದಲೇ ಹಾದುಹೋಗಬೇಕಿತ್ತು. ಹೋಗುವಾಗ ನಿಂತರು. ಅವರು ನನ್ನ ಹೆಗಲ ಮೇಲಿದ್ದ ಒಂದು ದಾರದ ಎಳೆಯನ್ನು ಎರಡು ಬೆರಳಲ್ಲಿ ತೆಗೆದು, ನನಗಷ್ಟೇ ಕೇಳುವಂತೆ ಕೇಳಿದರು:

“ಕೋಟು ಈಗ ಸರಿ ಕೂಡತೈತೇನ್ರಿ?”

ನಾನು ತಲೆಯಾಡಿಸಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಯಾರಿಗೂ ಏನೂ ಹೇಳಲಿಲ್ಲ — ಅಂದೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ. ಒಂದು ತಿಂಗಳಾದ ಮೇಲೂ ಬರಲಿಲ್ಲ. ಶಾಂತಕ್ಕ ಎರಡು ಸಲ ಅಂಗಡಿಗೆ ಹೋಗಿ ಕರೆದಳಂತೆ. “ಬರ್ತೀನಿ ಅಕ್ಕಾ, ಒಂದು ವಾರ ಛಲೋ ಆಗ್ಲಿ,” ಅಂದರಂತೆ. ವರ್ಷ ತುಂಬುವುದರೊಳಗೆ ಮಗಳ ಮನೆಯ ಹತ್ತಿರ, ಗಂಗಾವತಿಗೆ, ಅಂಗಡಿ ಎತ್ತಿಕೊಂಡು ಹೋದರು.

ಅವರು ಹೋದ ಮೇಲೆ ನಮ್ಮ ಕೂಟದಲ್ಲಿ ಯಾರೂ ತಪ್ಪಲಿಲ್ಲ. ಕಂಡಕ್ಟರ ವಾರ ಛಲೋ ಇತ್ತು, ಅಜ್ಜಿಯ ವಾರ ಛಲೋ ಇತ್ತು, ಎಲ್ಲರ ವಾರವೂ ಛಲೋ ಇತ್ತು. ಯಾರೂ ನಗಲಿಲ್ಲ. ಏಳಕ್ಕೆ ಕೂತರೆ ಏಳೂಕಾಲಿಗೆ ಏಳುತ್ತಿದ್ದೆವು. ಎರಡು ತಿಂಗಳಲ್ಲಿ ಕಂಡಕ್ಟರು ಬರುವುದನ್ನು ನಿಲ್ಲಿಸಿದ. ಆತ ಗುಟಕಾ ಬಿಟ್ಟಿಲ್ಲ, ಇಂದಿಗೂ ಬಿಟ್ಟಿಲ್ಲ. ರಾಜಾಸಾಬ ಎದ್ದುಹೋದ ದಿನವೇ ಶಾಂತಕ್ಕ ಗಂಟಿನ ಪದ್ಧತಿ ನಿಲ್ಲಿಸಿದ್ದಳು. “ಸಾಕು ಬಿಡ್ರಿ, ಮನಶ್ಯಾನ ಹೋದ ಮ್ಯಾಲ ಗಂಟು ಯಾಕ?” ಎಂದಿದ್ದಳು. ಆದ್ದರಿಂದ ನನ್ನ ದಾರ ನಲವತ್ತೊಂದಕ್ಕೇ ನಿಂತಿತು. ಪಕ್ಕದ ಮೊಳೆಗೆ ರಾಜಾಸಾಬರ ಚಂಚಿ. ಅದರಲ್ಲಿ ಆರು ಗಂಟು.

ನಾನು ತಂಬಾಕು ಬಿಟ್ಟದ್ದು ಆಮೇಲೆ ಎರಡು ವರ್ಷಕ್ಕೆ, ನಾಲಿಗೆ ಕಚ್ಚಿಕೊಂಡದ್ದನ್ನು ಕ್ಯಾನ್ಸರ್ ಎಂದು ಭಾವಿಸಿ, ಮೂರು ಜಿಲ್ಲೆಯ ಡಾಕ್ಟರರಿಗೆ ಬಾಯಿ ತೆರೆದು ತೋರಿಸಿಬಂದ ಮೇಲೆ. ಅದರಲ್ಲಿ ಸಾಧನೆ ಏನೂ ಇಲ್ಲ, ಬರೀ ಹೆದರಿಕೆ. ಬಿಟ್ಟಾಗ ಹೇಳಿಕೊಳ್ಳಲು ಯಾರೂ ಇರಲಿಲ್ಲ. ನಾನು ಲೋಕದ ಲೆಕ್ಕದಲ್ಲಿ ಎಂದೋ ಬಿಟ್ಟಾಗಿತ್ತಲ್ಲ!

ಕಳೆದ ತಿಂಗಳು ಶಾಂತಕ್ಕ ಮೊಣಕಾಲು ನೋವೆಂದು, “ಇನ್ನು ನೀವ ನಡಸ್ರಿ ಮಾಸ್ತರ” ಎಂದು ಕೂಟವನ್ನು ನನಗೆ ಒಪ್ಪಿಸಿದಳು. ಒಪ್ಪಿಕೊಂಡೆ. ಒಪ್ಪಿಕೊಂಡು ಮನೆಗೆ ಬಂದರೆ ನಿದ್ದೆ ಹತ್ತಲಿಲ್ಲ. ಮೊನ್ನೆ ತರಬೇತಿಗೆಂದು ಗಂಗಾವತಿಗೆ ಹೋದವನು ಸಂಜೆ ಕೇಳಿಕೊಂಡು ಕೇಳಿಕೊಂಡು ಅವರ ಅಂಗಡಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಬರಿಗೈಲಿ ಹೋದರೆ ಏನು ತಿಳಿದಾರೋ ಎಂದು, ಚೀಲದಲ್ಲಿ ಸಡಿಲ ಮಾಡಿಸಲು ಒಂದು ಪ್ಯಾಂಟು ಇಟ್ಟುಕೊಂಡಿದ್ದೆ. ನನ್ನ ಧೈರ್ಯ ಅಷ್ಟರದ್ದು.

ತಲೆ ಪೂರ್ತಿ ಬೆಳ್ಳಗಾಗಿದೆ. ಕಂಡಕೂಡಲೇ ಎದ್ದರು. “ಬರ್ರಿ ಮಾಸ್ತರ, ಬರ್ರಿ!” ಟೇಪು ತೆಗೆದು ನನ್ನ ಸೊಂಟಕ್ಕೆ ಸುತ್ತಿದರು. “ಎರಡೂವರಿ ಇಂಚು ಕೂಡೈತಿ. ಅಕ್ಕಾರ ಹೆಂಗದಾರ? ಐತ್ವಾರ ಇನ್ನೂ ಕೂಡ್ತೀರೇನ್ರಿ?”

“ಹೂಂ. ನಿಮ್ಮದು...?”

“ತಂಬಾಕು ಬಿಟ್ಟು ಮೂರು ವರ್ಷ ಆತ್ರಿ. ಐತ್ವಾರ ಬಿಡಾಕ ಆಗಿಲ್ಲ.” ನಕ್ಕರು. “ಮುಂಜಾನೆ ಏಳಕ್ಕ ಈ ಮಿಷನ್ ಮುಂದ ಕೂಡತೀನಿ. ನಾನ ಕೇಳ್ತೀನಿ, ಈ ವಾರ ಹೆಂಗಿತ್ತಪಾ ಅಂತ. ನಾನ ಹೇಳ್ತೀನಿ. ಒಂದೊಂದು ವಾರ ಭಾಳ ಆಸಿ ಆಗತೈತಿ, ಅದನ್ನೂ ಹೇಳ್ತೀನಿ. ಮಿಷನ್ ಏನೂ ಅನ್ನಂಗಿಲ್ಲ ನೋಡ್ರಿ.”

ಟೇಪು ಇನ್ನೂ ನನ್ನ ಸೊಂಟದ ಸುತ್ತ ಇತ್ತು. ಅವರು ತಲೆಯೆತ್ತಿ, ಶಾಂತಕ್ಕ ಕೇಳುವ ಹಾಗೆಯೇ ಕೇಳಿದರು: “ನಿಮ್ಮ ವಾರ ಹೆಂಗಿತ್ರಿ ಮಾಸ್ತರ?”

“ಛಲೋ ಇತ್ರಿ,” ಎಂದೆ.

ಎಂಟು ವರ್ಷದ ಮೇಲೆ, ಅವರ ಕೈ ನನ್ನ ಸೊಂಟದ ಮೇಲಿರುವಾಗ — ನಲವತ್ತೆರಡನೆಯ ಸುಳ್ಳು. ತಂಬಾಕು ಮುಟ್ಟಿರಲಿಲ್ಲ, ನಿಜ; ಹೇಳಲು ಬಂದದ್ದನ್ನು ಮಾತ್ರ ನುಂಗಿಕೊಂಡಿದ್ದೆ. “ಐತ್ವಾರ ಬರ್ರಿ, ಪ್ಯಾಂಟು ತಯಾರಿರ್ತೈತಿ,” ಎಂದರು.

ನಿನ್ನೆ ಶಾಂತಕ್ಕನ ಮನೆಗೆ ಹೋಗಿ ನನ್ನ ಚಂಚಿಯನ್ನು ಮೊಳೆಯಿಂದ ಇಳಿಸಿಕೊಂಡು ಬಂದೆ. ಗಂಟು ಬಿಚ್ಚಲು ಕೂತೆ. ಉಗುರು ಮುರಿಯಿತು, ಗಿರಿಜಾಳ ಹೂವಿನ ಪಿನ್ನು ಸೊಟ್ಟಗಾಯಿತು. ಏನು ಮಾಡುತ್ತಿದ್ದೀರೆಂದು ಅವಳು ಕೇಳಿದಳು, ಹೇಳಿದೆ. ಅವಳು ಆ ಪಿನ್ನನ್ನು ನೆಟ್ಟಗೆ ಮಾಡುತ್ತ, “ಆ ಕೋಟು ಕೊಟ್ಟು ಬಂದಾಕಿ ನಾನ” ಎಂದಷ್ಟೇ ಅಂದಳು. ಸಂಜೆಯವರೆಗೆ ಒಂಬತ್ತು ಬಿಚ್ಚಿದವು. ಉಳಿದವು ಕಲ್ಲಾಗಿವೆ. ಕತ್ತರಿ ಹಾಕುವುದಿಲ್ಲ. ಇದ್ದ ಹಾಗೆಯೇ ಒಯ್ದು ತೂಗುಹಾಕುತ್ತೇನೆ.

ನಾಳೆ ಐತ್ವಾರ. ಏಳಕ್ಕೆ ಪಡಸಾಲೆಯಲ್ಲಿ, ಯಾರ ವಾರವನ್ನೂ ಕೇಳುವ ಮೊದಲು, ಇದನ್ನು ಓದುತ್ತೇನೆ. ಓದಿದ ಮೇಲೆ ಆ ಮೂರನೆಯ ಮೊಳೆ ನನ್ನದಾಗಿ ಉಳಿಯುತ್ತದೋ ಇಲ್ಲವೋ, ಅದು ಅಲ್ಲಿ ಕೂತವರಿಗೆ ಬಿಟ್ಟದ್ದು. ಆಮೇಲೆ ಗಂಗಾವತಿಯ ಬಸ್ಸು. ಕೋಟಿನ ಒಳಕಿಸೆಯ ಆ ಚಂಚಿ ಈಗ ಖಾಲಿ. ಬಟ್ಟೆ ಜೀರ್ಣವಾಗಿ, ಹಿಡಿದರೆ ಹಿಡಿದಲ್ಲಿ ಪಿಸಿಯುತ್ತಿದೆ. ತಳದ ಹೊಲಿಗೆ ಮಾತ್ರ ಒಂದೂ ಬಿಟ್ಟಿಲ್ಲ. ಅದನ್ನು ಅವರ ಮಿಷನ್ನಿನ ಮೇಲೆ ಇಡುತ್ತೇನೆ. ಅವರು ಕೇಳಿದರೂ ಸರಿ, ಕೇಳದಿದ್ದರೂ ಸರಿ — ನನ್ನ ವಾರ ಹೇಗಿತ್ತೆಂದು ಹೇಳುತ್ತೇನೆ. ಮೊದಲನೆಯ ವಾರದಿಂದ.