ಊದಿ ನೋಡದ ವಾಲ್ವ್

ನನ್ನ ದೊಡ್ಡಪ್ಪ ವಾಲ್ವ್ ರಿಪೇರಿಯವನು. ಟಿಪ್ಪರ್ ಲಾರಿಯ ತೊಟ್ಟಿ ಎತ್ತುವ ಎಣ್ಣೆ ಯಾವ ಕಡೆ ಹರಿಯಬೇಕೆಂದು ತೀರ್ಮಾನಿಸುವ ಕಬ್ಬಿಣದ ಗಟ್ಟಿ ಅದು. ಒಳಗೆ ಗೇಣುದ್ದದ ಉಕ್ಕಿನ ಕೋಲು, ಅದರ ಮೈಮೇಲೆ ಅಲ್ಲಲ್ಲಿ ಕೊರೆದ ಕಾಲುವೆ. ಹಿಡಿಕೆ ಮುಂದೆ ತಳ್ಳಿದರೆ ಕೋಲು ಜರುಗಿ, ಪಂಪಿನ ಎಣ್ಣೆ ಸಿಲಿಂಡರಿಗೆ ನುಗ್ಗಿ ತೊಟ್ಟಿ ಏಳುತ್ತದೆ. ಹಿಂದೆ ಎಳೆದರೆ ಅದೇ ಎಣ್ಣೆ ಟ್ಯಾಂಕಿಗೆ ಮರಳಿ ತೊಟ್ಟಿ ಇಳಿಯುತ್ತದೆ. ನಡುವೆ ಬಿಟ್ಟರೆ ಸಿಲಿಂಡರಿನ ದಾರಿ ಮುಚ್ಚಿ, ತೊಟ್ಟಿ ಎತ್ತಿದಲ್ಲೇ ನಿಲ್ಲಬೇಕು. ಆದರೆ ಕೆಲವು ಕೋಲುಗಳು ನಡುವಿನಲ್ಲೂ ಕೂದಲೆಳೆಯಷ್ಟು ದಾರಿ ಬಿಡುತ್ತವೆ. ಅವು ಬೇರೆ ಯಂತ್ರಗಳಿಗೆ. ನೋಡಲು ಎರಡೂ ಅವಳಿ ಜವಳಿ.

ಅದಕ್ಕೇ ದೊಡ್ಡಪ್ಪ ಬಾಯಿಂದ ಊದಿ ನೋಡುತ್ತಿದ್ದ. ಹಿಡಿಕೆಯನ್ನು ನಡುವಿಗಿಟ್ಟು, ಸಿಲಿಂಡರಿನ ತೂತಿಗೆ ತುಟಿ ಒತ್ತಿ, ಟ್ಯಾಂಕಿನ ತೂತಿನ ಎದುರು ಒದ್ದೆ ಬೆರಳು ಹಿಡಿದು ಊದುವುದು. ಬೆರಳು ತಣ್ಣಗಾದರೆ ಆ ಕೋಲು ಬೇಡ. "ಅಣ್ಣನ ಮೀಸೆ ಹಿಂಡಿದ್ರೆ ಒಂದು ಲಾರಿಗಾಗೋಷ್ಟು ಎಣ್ಣೆ ಬರುತ್ತೆ" ಎಂದು ಅಪ್ಪ ಕಿಚಾಯಿಸುತ್ತಿದ್ದ. ಅಪ್ಪ ಅದೇ ಶೆಡ್ಡಿನಲ್ಲಿ ಲಾರಿಗಳಿಗೆ ಗ್ರೀಸ್ ಹಾಕುವವನು. ಅಣ್ಣ ಕಟ್ಟಿದ ವಾಲ್ವ್ ಎಂದರೆ ಆಸರೆಯ ಕಂಬವನ್ನೂ ಕೊಡದೆ ತೊಟ್ಟಿಯ ಕೆಳಗೆ ನುಗ್ಗುತ್ತಿದ್ದ.

ಆ ದಿನ ಬೆಳಿಗ್ಗೆ ದೊಡ್ಡಪ್ಪ ಹಲ್ಲು ಕೀಳಿಸಿಕೊಂಡು ಬಂದಿದ್ದ. ಕೆನ್ನೆ ಬಾತಿತ್ತು, ಬಾಯಲ್ಲಿ ಹತ್ತಿ. ಊದಲಾಗದೆ, ಹೊಸ ಕೋಲಿನ ಡಬ್ಬದ ಮೇಲಿನ ಚೀಟಿ ನಂಬಿ ಅದನ್ನು ಕೂರಿಸಿದ. ಮಧ್ಯಾಹ್ನ ಅಪ್ಪ ತೊಟ್ಟಿ ಎತ್ತಿ, ಹಿಡಿಕೆಯನ್ನು ನಡುವಿಗೆ ತಂದು, ಕೆಳಗೆ ತೂರಿದ. ತೊಟ್ಟಿ ಸದ್ದಿಲ್ಲದೆ ಇಳಿಯುತ್ತ ಬಂತು. ಅಪ್ಪನ ಬಲಗಾಲು ಮಂಡಿಯಿಂದ ಕೆಳಗೆ ಹೋಯಿತು.

"ನನ್ನ ಮೊಣಕೈಯೇ ಹಿಡಿಕೆಗೆ ತಾಗಿರ್ಬೇಕು" ಎಂದ ಅಪ್ಪ, ಆಸ್ಪತ್ರೆಯಲ್ಲಿ. ದೊಡ್ಡಪ್ಪ ಮಂಚದ ಪಕ್ಕದಲ್ಲೇ ನಿಂತಿದ್ದ. ಅಷ್ಟರಲ್ಲಿ ಅವನು ಆ ವಾಲ್ವ್ ಬಿಚ್ಚಿ ಊದಿ ನೋಡಿಯಾಗಿತ್ತು. ಬೆರಳು ತಣ್ಣಗಾಗಿತ್ತು. ಆದರೂ ಬಾಯಿ ಬಿಡಲಿಲ್ಲ.

ಹನ್ನೊಂದು ವರ್ಷ ಬಿಡಲಿಲ್ಲ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅಪ್ಪನನ್ನು ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸಿದವನು ಅವನೇ, ನನಗೆ ಸೈಕಲ್ ಕಲಿಸಿದವನೂ ಅವನೇ. ಅಪ್ಪ ಮಾತ್ರ ಕುಗ್ಗುತ್ತ ಹೋದ. ಅಮ್ಮ ಬಟ್ಟೆ ಕಾರ್ಖಾನೆಯಿಂದ ದಣಿದು ಬಂದು, "ನೀವು ಒಂದು ಗಳಿಗೆ ಹುಷಾರಾಗಿದ್ದಿದ್ರೆ ನಮಗೆ ಈ ಗತಿ ಬರ್ತಿತ್ತಾ?" ಎಂದು ಹರಿಹಾಯ್ದರೆ, ತಲೆ ತಗ್ಗಿಸಿ "ತಪ್ಪಾಯ್ತು ಕಣೇ" ಎನ್ನುತ್ತಿದ್ದ. ದೊಡ್ಡಪ್ಪ ಅದನ್ನು ಪಕ್ಕದಲ್ಲೇ ಕೂತು ಕೇಳಿದ್ದಾನೆ. ನಾನೇ ಕಂಡಿದ್ದೇನೆ.

ಈ ವರ್ಷ ಅಪ್ಪ ಎದೆನೋವಿನಿಂದ ತೀರಿಕೊಂಡ. ಮೂರು ವಾರದ ಮೇಲೆ ದೊಡ್ಡಪ್ಪ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದ. ಹಲ್ಲು, ಚೀಟಿ, ಕೋಲು, ಎಲ್ಲ. "ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಹಾಗೇ ಉಳಿದ್ಹೋಯ್ತು ಮಗಳೇ."

"ಅಪ್ಪ ಇದ್ದಾಗ ಹೇಳ್ಬೇಕಿತ್ತು ದೊಡ್ಡಪ್ಪ. ಕಾಲು ವಾಪಸ್ ಬರ್ತಿರ್ಲಿಲ್ಲ. ತಲೆ ಎತ್ಕೊಂಡು ಊಟನಾದ್ರೂ ಮಾಡ್ತಿದ್ದ."

ಅವನು ಅಳತೊಡಗಿದ. ನನಗೆ ಕನಿಕರ ಬರಲಿಲ್ಲ. ಅಮ್ಮ ಹೆಚ್ಚುತ್ತಿದ್ದ ಈರುಳ್ಳಿ ಬಿಟ್ಟು, ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು.

"ಕೊನೇ ದಿನ ಬೆಳಿಗ್ಗೆನೂ ಬೈದ್ನಲ್ಲೇ ನಾನು" ಎಂದಳು ನನಗೆ. "ಆಗ್ಲೂ ತಪ್ಪಾಯ್ತು ಅಂದ್ರು."