ಎಡೆ ಉಂಡ ಸೇನಾಪತಿ

ಹಿರಿಯರ ಹಬ್ಬಕ್ಕೆ ಮನೆಗೆ ಪೇಂಟ್ ಹೊಡೆಸಬೇಕೆಂದು ನಮ್ಮ ಮಾವ ಗೋಡೆಯ ಮೇಲಿನ ಪಟಗಳನ್ನೆಲ್ಲ ಇಳಿಸಿ ಮಂಚದ ಮೇಲೆ ಪೇರಿಸಿಟ್ಟರು. ಆಮೇಲೆ ಅವುಗಳ ಮೇಲೆಯೇ ಕೂತರು. ಮಾವ ಎಂದರೆ ನನ್ನ ತಾಯಿಯ ತಮ್ಮ. ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಾರೆ. ದಿನವೆಲ್ಲ ಕೂತೇ ಇರುವ ಮನುಷ್ಯ, ಎಲ್ಲಿ ಕೂರುತ್ತಿದ್ದೇನೆ ಎಂದು ನೋಡುವ ಅಭ್ಯಾಸ ಮಾತ್ರ ಇಲ್ಲ. ಮೇಲಿದ್ದ ಒಂದು ಪಟದ ಗಾಜು ಪುಡಿಯಾಯಿತು. ಅದು ಅಜ್ಜಿಯ ಅಪ್ಪನ ಪಟ.

ಅಜ್ಜಿ, ಎಂದರೆ ಮಾವನ ತಾಯಿ, ಎಂಬತ್ತು ದಾಟಿದವಳು. ನಲ್ಲೂರಿನ ಆಚೆ ಒಂದು ಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ನಾನು ದೇವನಹಳ್ಳಿಯಲ್ಲಿ ಹೈಸ್ಕೂಲಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ, ಭಾನುವಾರಗಳಲ್ಲಿ ಅಲ್ಲಿಗೆ ಹೋಗಿಬರುತ್ತೇನೆ. ಆ ಭಾನುವಾರ ಗಾಜಿನ ಚೂರು ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಆ ಪಟದ ಬಗ್ಗೆ ನಮಗೆಲ್ಲ ಗೊತ್ತಿದ್ದದ್ದು ಇಷ್ಟು. ಎರಡನೆಯ ಮಹಾಯುದ್ಧದ ಕಾಲ, ಅಜ್ಜಿ ಹೊಟ್ಟೆಯಲ್ಲಿದ್ದಾಗ ಅವಳ ಅಪ್ಪ ಬೆಂಗಳೂರಿಗೆ ಹೋಗಿ ಬ್ರಿಟಿಷರ ದಂಡು ಸೇರಿದ. ಅವನನ್ನು ಹಡಗು ಹತ್ತಿಸಿ ಆಫ್ರಿಕಾದ ಮರಳುಗಾಡಿಗೆ ಕಳಿಸಿದರು. ದಾರಿ ಮಾಡುವುದು, ಶತ್ರು ಹೂತಿಟ್ಟ ನೆಲಬಾಂಬುಗಳನ್ನು ಕೆದಕಿ ತೆಗೆಯುವುದು ಅವನ ತುಕಡಿಯ ಕೆಲಸ. ಅಲ್ಲಿಂದ ಅವನು ಬರಲಿಲ್ಲ. ಕಾಣೆಯಾಗಿದ್ದಾನೆ ಎಂಬ ಸುದ್ದಿ ಬಂತು. ಅಜ್ಜಿಯನ್ನು ಬೆಳೆಸಿದ್ದು ಅವಳ ಚಿಕ್ಕಪ್ಪ. ಅವಳ ಮದುವೆ ಗೊತ್ತಾದಾಗ ಗಂಡಿನ ಕಡೆಯವರು ಧಾರೆಗೆ ಮುಂಚೆ ಹುಡುಗಿಯ ಅಪ್ಪನ ಪಟದ ಮುಂದೆ ತಾಂಬೂಲ ಇಡಬೇಕಲ್ಲ, ಪಟ ಎಲ್ಲಿ ಎಂದು ಕೇಳಿದರಂತೆ. ಚಿಕ್ಕಪ್ಪ ಪೇಟೆಯ ಸ್ಟುಡಿಯೋಗೆ ಹೋಗಿ ಈ ಪಟ ಮಾಡಿಸಿ ತಂದ. ಮಿಲಿಟರಿ ಕೋಟು ತೊಟ್ಟು ಒಂದು ತೆರೆದ ಕಾರಿನ ಬಾಗಿಲಿಗೆ ಕೈ ಊರಿ ನಿಂತ, ಬರಿದಲೆಯ ಗಂಡಸು. ನಾವೆಲ್ಲ ಹುಟ್ಟಿದಾಗಿನಿಂದ ಕೈ ಮುಗಿದದ್ದು ಅದಕ್ಕೆ. ಎಡೆಗೆ ಪ್ರತಿ ವರ್ಷ ಅದರ ಮುಂದೆ ಮಟನ್ ಸಾರು, ಮುದ್ದೆ, ಕಜ್ಜಾಯ, ಹೊಸ ಪಂಚೆ. ಅವನಿಗೆ ಏನು ಇಷ್ಟ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲವಾದ್ದರಿಂದ ಅಜ್ಜಿ ಎಲ್ಲವನ್ನೂ ಒಂದಿಷ್ಟು ಹೆಚ್ಚಾಗಿಯೇ ಇಡುತ್ತಿದ್ದಳು.

ಪಟದ ಮೇಲೆ ಧೂಳು ಅಂಟಿಕೊಂಡಿತ್ತು. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ. ಎದೆಯ ಮೇಲಿದ್ದ ಕಪ್ಪು ಕಲೆ, ಜೇಬಿನ ನೆರಳು ಎಂದು ನಾವು ಅಂದುಕೊಂಡದ್ದು, ಮಸಿಯಾಗಿ ಬಟ್ಟೆಗೆ ಬಂತು. ಕೆಳಗೆ ರೆಕ್ಕೆ ಚಾಚಿದ ಹದ್ದು. ಹದ್ದಿನ ಕಾಲಲ್ಲಿ ಒಂದು ಚಕ್ರ, ಚಕ್ರದೊಳಗೆ ಓರೆಯಾಗಿ ಸ್ವಸ್ತಿಕ. ಕೊರಳ ಹತ್ತಿರ ಒರೆಸಿದರೆ ಅಲ್ಲೊಂದು ಶಿಲುಬೆ.

ಮಾವನಿಗೆ ಖುಷಿಯೋ ಖುಷಿ. ತಾತ ಎದೆ ಮೇಲೆ ದೇವರ ಗುರುತು ಇಟ್ಟುಕೊಂಡೇ ಯುದ್ಧಕ್ಕೆ ಹೋಗಿದ್ದಾರೆ, ಆ ಸ್ಟುಡಿಯೋದವನು ಮಸಿ ಬಳಿದು ಮುಚ್ಚಿಬಿಟ್ಟಿದ್ದಾನೆ ಎಂದು ಬೈದರು. ನಾನು ಬಾಯಿ ತೆರೆಯುವ ಮೊದಲೇ ದೇವರ ಮನೆಗೆ ಹೋಗಿ ಕುಂಕುಮ ತಂದು ಅದರ ಮೇಲೆ ಒಂದು ಬೊಟ್ಟು ಇಟ್ಟರು. ಅದು ದೇವರ ಗುರುತಲ್ಲ, ಆ ಯುದ್ಧದ ಜರ್ಮನಿಯದು. ಒಂಬತ್ತನೇ ತರಗತಿಗೆ ವರ್ಷವೂ ಆ ಗುರುತನ್ನು ಬೋರ್ಡಿನ ಮೇಲೆ ಬರೆದು ತೋರಿಸುವವಳು ನಾನು.

ಪಟದ ಫೋಟೋ ತೆಗೆದುಕೊಂಡು ಬಂದೆ. ಮರುದಿನ ಸ್ಟಾಫ್ ರೂಮಿನಲ್ಲಿ ಬಿಡುವು ಸಿಕ್ಕಾಗ ಫೋನಿನಲ್ಲಿ ಹುಡುಕಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದೇ ಕಾರು, ಅದೇ ಕೋಟು, ಬಾಗಿಲ ಮೇಲೆ ಊರಿದ ಅದೇ ಕೈ. ಮುಖ ಮಾತ್ರ ಬೇರೆ, ಮೇಲೆ ಎತ್ತರದ ಟೋಪಿ. ಹೆಸರಾಂತ ಜರ್ಮನ್ ಸೇನಾಪತಿ. ಆ ಕಾಲದಲ್ಲಿ ಇಂಗ್ಲಿಷ್ ವಾರಪತ್ರಿಕೆಗಳು ಅವನ ಚಿತ್ರ ಹಾಕಿದ್ದವಂತೆ. ಸ್ಟುಡಿಯೋದವನ ಬಳಿ ಅಂಥದ್ದೊಂದು ಹಳೆಯ ಸಂಚಿಕೆ ಇದ್ದಿರಬೇಕು. ಮಿಲಿಟರಿ ಕೋಟು ಬೇಕು, ಸಿಕ್ಕಿತು. ಹದ್ದು, ಶಿಲುಬೆ ನಮ್ಮವಲ್ಲ ಎಂಬಷ್ಟು ತಿಳಿವಳಿಕೆ ಅವನಿಗಿತ್ತು, ಮಸಿ ಬಳಿದ. ಮುಖಕ್ಕೆ ಚಿಕ್ಕಪ್ಪನನ್ನೇ ಕೂರಿಸಿ ತೆಗೆದು ಕತ್ತರಿಸಿ ಅಂಟಿಸಿದ. ಚಿಕ್ಕಪ್ಪನ ಮುಪ್ಪಿನ ಪಟವೂ ಅದೇ ಗೋಡೆಯ ಮೇಲಿತ್ತು. ಅಣ್ಣ ತಮ್ಮಂದಿರು ಎಷ್ಟು ಹೋಲುತ್ತಾರೆ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಸತ್ತವರಿಗೆ ಕೈಕಾಲು ಜೋಡಿಸಿ ಪಟ ಮಾಡಿಕೊಡುವುದು ಆಗಿನ ಸ್ಟುಡಿಯೋಗಳಲ್ಲಿ ಮಾಮೂಲು. ಬೈಯಲು ಯಾರೂ ಬದುಕಿಲ್ಲ, ಬೈಯುವ ಮನಸ್ಸೂ ಆಗಲಿಲ್ಲ.

ಸಿಟ್ಟು ಬಂದದ್ದು ಆ ಸೇನಾಪತಿಯ ಬಗ್ಗೆ ಓದಲು ಕೂತಾಗ. ಎಲ್ಲಿ ನೋಡಿದರೂ ಹೊಗಳಿಕೆ. ಶತ್ರುಗಳೂ ಮೆಚ್ಚಿದ ವೀರ, ಮರಳಿನ ಮೇಲೆ ಚದುರಂಗ ಆಡಿದವನು, ಸಭ್ಯ ಸೈನಿಕ. ಅವನ ಹಿಂದೂ ಮುಂದೂ ತಿಳಿಯದ ನಮ್ಮ ದೇಶದ ಹುಡುಗರು ಅದರ ಕೆಳಗೆ ಬೆಂಕಿಯ ಚಿತ್ರ, ಸಲಾಮಿನ ಚಿತ್ರ ಹಾಕಿ ಕುಣಿದಿದ್ದರು. ಬಿಡುವು ಸಿಕ್ಕಾಗಲೆಲ್ಲ ಹಟ ಹಿಡಿದವಳಂತೆ ಓದಿದೆ.

ದೊಡ್ಡ ಮನೆತನದವನು. ಮೊದಲ ಮಹಾಯುದ್ಧದಲ್ಲಿಯೇ ಪದಕ ಗೆದ್ದಿದ್ದ. ಎರಡನೆಯದು ಶುರುವಾದಾಗ ಪೋಲೆಂಡಿಗೆ ಟ್ಯಾಂಕುಗಳನ್ನು ನುಗ್ಗಿಸಿದ. ಅವು ದಾಟಿಹೋದ ಊರುಗಳ ಸಂತೆ ಬಯಲುಗಳಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದರು. ಅದು ನನ್ನ ಹಿಂದೆ ಬಂದವರ ಕೆಲಸ, ನನಗೆ ಗೊತ್ತಿರಲಿಲ್ಲ ಎಂದು ಅವನು ಆಮೇಲೆ ಹೇಳಿದ. ಅಲ್ಲಿಂದ ಫ್ರಾನ್ಸ್. ಯಾರೂ ನಿರೀಕ್ಷಿಸದ ಕಡೆ ನದಿ ದಾಟಿದ, ಕಾರಿನ ಬಾಗಿಲಿಗೆ ಕೈ ಊರಿ ನಿಂತು ಫೋಟೋ ತೆಗೆಸಿಕೊಂಡ. ನಮ್ಮ ಮನೆಗೆ ಬಂದದ್ದು ಆ ಗೆಲುವಿನ ಮೈ.

ಆಮೇಲೆ ಆಫ್ರಿಕಾ. ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ. ಹಿಂದಕ್ಕೆ ಸರಿಯುವಾಗ ಮರಳಿನಲ್ಲಿ ಎಣಿಸಲಾಗದಷ್ಟು ನೆಲಬಾಂಬು ಹೂಳಿಸಿಕೊಂಡು ಹೋದ. ಬಾವಿಯ ಸುತ್ತ, ಹೆಣದ ಕೆಳಗೆ, ಬಿಟ್ಟುಹೋದ ಲಾರಿಯ ಬಾಗಿಲಿಗೆ. ಆ ಜಾಣತನವನ್ನು ವಿವರಿಸುವ ಪುಟಗಳೇ ಇವೆ, ಬಾಣದ ಗುರುತಿನ ನಕ್ಷೆಗಳ ಸಮೇತ. ಹಿಂದೆಯೇ ಹೋಗಿ, ಮಂಡಿಯೂರಿ, ಚೂರಿಯ ಮೊನೆಯಿಂದ ಅವುಗಳನ್ನು ಕೆದಕಿದ್ದು ನಮ್ಮ ಮುತ್ತಜ್ಜನಂಥವರು. ಅವರ ಬಗ್ಗೆ ಆ ಪುಟಗಳಲ್ಲಿ ಒಂದು ಸಾಲೂ ಸಿಗಲಿಲ್ಲ. ಕಾಣೆಯಾಗಿದ್ದಾನೆ ಎಂದರೆ ಏನೆಂದು ನನಗೆ ಆಗ ತಿಳಿಯಿತು. ಹೂಳುವುದಕ್ಕೆ ಏನೂ ಸಿಗಲಿಲ್ಲ ಎಂದು.

ಕಡೆಗೆ ಇಟಲಿ. ಗುಡ್ಡದ ಹಳ್ಳಿಗಳಲ್ಲಿ ಅವನ ಸೈನಿಕರಲ್ಲಿ ಕೆಲವರನ್ನು ಯಾರೋ ಕೊಂದದ್ದಕ್ಕೆ ಊರಿಗೆ ಊರನ್ನೇ ಚರ್ಚಿನ ಮುಂದೆ ನಿಲ್ಲಿಸಿದರು, ಹೆಂಗಸರು ಮಕ್ಕಳು ಸೇರಿ. ಈ ಸಲದ ಆಜ್ಞೆಯ ಕೆಳಗೆ ಅವನ ಸಹಿಯೇ ಇತ್ತು. ಯುದ್ಧ ಮುಗಿದ ಮೇಲೆ ವಿಚಾರಣೆಯಾಯಿತು, ಶಿಕ್ಷೆಯೂ ಆಯಿತು. ಆರೋಗ್ಯ ಸರಿಯಿಲ್ಲ ಎಂದು ಬೇಗ ಬಿಟ್ಟರು. ಹೊರಗೆ ಬಂದ ಮೇಲೆ ಆರೋಗ್ಯ ಸರಿಹೋಯಿತು. ನಾನು ಸೈನಿಕನ ಕರ್ತವ್ಯವನ್ನಷ್ಟೇ ಮಾಡಿದೆ ಎಂದು ದಪ್ಪದೊಂದು ಪುಸ್ತಕ ಬರೆದ, ಮೊಮ್ಮಕ್ಕಳನ್ನು ಕಂಡ, ಮುಪ್ಪಾಗಿ ತನ್ನ ಹಾಸಿಗೆಯಲ್ಲೇ ಸತ್ತ. ಓದಿ ಮುಗಿಸಿ ತರಗತಿಗೆ ಹೋದವಳು ಕಾರಣವಿಲ್ಲದೆ ಮಕ್ಕಳ ಮೇಲೆ ರೇಗಿದೆ.

ಮುಂದಿನ ಭಾನುವಾರ ಮಾವನನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ಅವರು ಮೊದಲು ಮಾಡಿದ ಕೆಲಸ, ಒಳಗೆ ಹೋಗಿ ಆ ಕುಂಕುಮವನ್ನು ಉಗುರಿನಿಂದ ಕೆರೆದದ್ದು. ಆಮೇಲೆ ಅಜ್ಜಿಯ ಕಿವಿಗೆ ಇದು ಬೀಳಕೂಡದು ಎಂದರು. ಅಪ್ಪ ಎಂದರೆ ಅವಳಿಗೆ ಆ ಪಟವೇ, ಅದು ಹೋದರೆ ಅವಳಿಗೆ ಅಪ್ಪನೇ ಇಲ್ಲ. ಹಬ್ಬದ ಹೊತ್ತಿಗೆ ಫೋಟೋ ಲ್ಯಾಬಿನಲ್ಲಿ ಕೊಟ್ಟು ನಮ್ಮ ದೇಶದ ಮಿಲಿಟರಿ ಬಟ್ಟೆ ಹಾಕಿಸಿಬಿಡೋಣ, ಈಗೆಲ್ಲ ಕಂಪ್ಯೂಟರಿನಲ್ಲಿ ನಿಮಿಷದ ಕೆಲಸ ಎಂದರು. ಅದೂ ಸುಳ್ಳು ಪಟವೇ ಅಲ್ಲವೇ ಮಾವ ಎಂದೆ. ಮಾವ ನನ್ನ ಮುಖ ನೋಡಿದರು.

"ಸುಳ್ಳಾದ್ರೆ ಏನವ್ವ, ನಮ್ಮವನ ಬಟ್ಟೆನಾರ ಇರ್ತದಲ್ಲ. ಅವಳು ಇನ್ನೆಷ್ಟು ವರ್ಷ ಎಡೆ ಇಡ್ತಾಳೆ."

ಆಯಿತು ಎಂದು ಒಪ್ಪಿದೆ. ಆದರೆ ಮಾವನ ಮುಖದಲ್ಲಿ ಗುಟ್ಟು ನಿಲ್ಲುವುದಿಲ್ಲ. ಅಮಾವಾಸ್ಯೆ ಹತ್ತಿರ ಬಂತು, ಉಳಿದ ಪಟಗಳೆಲ್ಲ ಹೊಸ ಪೇಂಟಿನ ಗೋಡೆಗೆ ಏರಿದವು. ಒಂದು ಮೊಳೆ ಖಾಲಿಯಿತ್ತು. ಅಜ್ಜಿ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಹಬ್ಬದ ಮಸಾಲೆಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ಹೋಗಿ ಕೂತದ್ದೇ ತಡ, ಕೇಳಿದಳು.

"ಪಟ ಯಾಕಿನ್ನೂ ಹಾಕಿಲ್ಲ? ನಿಮ್ ಮಾವ ಕಣ್ ತಪ್ಪಿಸ್ಕೊಂಡು ಓಡಾಡ್ತಾನೆ. ನೀನಾರ ಹೇಳವ್ವ."

ಲ್ಯಾಬಿಗೆ ಕೊಟ್ಟಿದೆ ಎಂದೆ. ಯಾಕೆ ಎಂದಳು. ಒಂದು ಸುಳ್ಳಿಗೆ ಇನ್ನೊಂದನ್ನು ಪೋಣಿಸುವುದು ನನಗೆ ಬರುವುದಿಲ್ಲ, ಅವಳ ಕಣ್ಣಿನ ಮುಂದಂತೂ ಸಾಧ್ಯವೇ ಇಲ್ಲ. ಸುಲಭವಾದದ್ದನ್ನು ಮೊದಲು ಹೇಳೋಣ ಎಂದುಕೊಂಡೆ. ಆ ಪಟದಲ್ಲಿರುವ ಮುಖ ನಿಮ್ಮಪ್ಪನದಲ್ಲ ಅಜ್ಜಿ, ಚಿಕ್ಕಪ್ಪನದು ಎಂದೆ. ಅಜ್ಜಿ ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ.

"ಗೊತ್ತು ಕಣವ್ವ. ಮದ್ವೆ ಹಿಂದಿನ ದಿನ ಚಿಕ್ಕಪ್ಪನೇ ಹೇಳಿದ್ದ. ನಿಮ್ಮಪ್ಪ ದಂಡಿಂದ ಒಂದು ಪಟ ಕಳ್ಸಿದ್ದ, ಮೊಕ ಗೆದ್ಲು ತಿಂದೈತೆ, ಅದಕ್ಕೆ ನನ್ ಮೊಕ ಇಡ್ಸಿವ್ನಿ ಅಂತ. ಅದಕ್ಕೇ ನಾನು ಮೊಕ ನೋಡ್ತಿರ್ಲಿಲ್ಲ. ಕೈ ನೋಡ್ತಿದ್ದೆ. ಕೈ ನಮ್ಮಪ್ಪಂದಲ್ವಾ."

ತನ್ನ ಬಲಗೈ ಚಾಚಿ ಹೆಬ್ಬೆರಳು ತೋರಿಸಿದಳು. ಅಗಲವಾದ, ತುದಿ ಚಪ್ಪಟೆಯಾದ ಬೆರಳು. ಪಟದಲ್ಲಿಯೂ ಹೀಗೇ ಇದೆ ನೋಡು, ನಮ್ಮಮ್ಮನ ಬೆರಳು ಹೀಗಿರಲಿಲ್ಲ ಎಂದಳು. ಹಬ್ಬದ ದಿನ ಎಲ್ಲರೂ ಊಟಕ್ಕೆ ಕೂತ ಮೇಲೆ ತಾನೊಬ್ಬಳೇ ಪಟದ ಹತ್ತಿರ ಹೋಗಿ ಗಾಜಿನ ಮೇಲೆ ಆ ಕೈಗೆ ತನ್ನ ಕೈ ಇಟ್ಟು ಬರುತ್ತಿದ್ದಳಂತೆ. ಮದುವೆಯಾದ ವರ್ಷದಿಂದ. ಯಾರಿಗೂ ಹೇಳಿರಲಿಲ್ಲ.

ನನಗೆ ಎದ್ದು ಓಡಿಹೋಗೋಣ ಅನ್ನಿಸಿತು. ಆದರೆ ಅಷ್ಟು ಕೇಳಿದ ಮೇಲೆ, ಬರುವ ವಾರ ಅವಳು ಹೊಸ ಪಟದಲ್ಲಿ ಆ ಕೈ ಹುಡುಕುವುದನ್ನು ನೋಡಿಕೊಂಡು ಉಣ್ಣಲು ನನ್ನಿಂದ ಆಗುತ್ತಿರಲಿಲ್ಲ.

"ಕೈಯೂ ಅವರದಲ್ಲ ಅಜ್ಜಿ," ಎಂದೆ.

ಅಜ್ಜಿ ಸುಲಿಯುವುದನ್ನು ನಿಲ್ಲಿಸಿದಳು. ಯಾರದು ಎಂದು ಕೇಳಿದಳು. ಹೇಳಿದೆ. ಪೋಲೆಂಡು, ಫ್ರಾನ್ಸು ಎಂದರೆ ಅವಳಿಗೆ ಏನೂ ಅಲ್ಲ, ಆದರೂ ಒಂದನ್ನೂ ಬಿಡದೆ ಕೇಳಿಸಿಕೊಂಡಳು. ಮರಳಿನಲ್ಲಿ ಹೂತ ಬಾಂಬುಗಳ ಮಾತು ಬಂದಾಗ ನಮ್ಮಪ್ಪನನ್ನು ಕಳಿಸಿದ್ದು ಇವನ ಮೇಲೆಯೇ ಏನು ಎಂದಳು. ಹೌದು ಎಂದೆ. ಇಟಲಿಯ ಚರ್ಚಿನ ಮುಂದೆ ನಿಲ್ಲಿಸಿದ ಮಕ್ಕಳ ವಿಷಯವನ್ನೂ ಪೂರ್ತಿ ಕೇಳಿದಳು. ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮಾವ ಆ ವಾರವೆಲ್ಲ ನನ್ನ ಫೋನ್ ಎತ್ತಲಿಲ್ಲ.

ಅಮಾವಾಸ್ಯೆಯ ದಿನ ಮಾವ ಹೊಸ ಪಟ ತಂದು ಮೊಳೆಗೆ ಹಾಕಿದ್ದರು. ಚಿಕ್ಕಪ್ಪನ ಅದೇ ಮುಖ, ಕೆಳಗೆ ಹಸಿರು ಮಿಲಿಟರಿ ಬಟ್ಟೆ, ಎದೆಯ ಮೇಲೆ ಹೊಳೆಯುವ ಪದಕಗಳು. ಅಜ್ಜಿ ಅದನ್ನು ಒಮ್ಮೆ ನೋಡಿದಳು. ಪಟಗಳ ಕೆಳಗೆ ಬಾಳೆ ಎಲೆ ಹಾಸುತ್ತಾ ಬಂದಳು, ತನ್ನ ಅತ್ತೆ ಮಾವಂದಿರಿಗೆ ಒಂದೊಂದು, ಗಂಡನಿಗೆ, ತಾಯಿಗೆ, ಚಿಕ್ಕಪ್ಪನಿಗೆ. ಹೊಸ ಪಟದ ಕೆಳಗೆ ಹಾಸಲಿಲ್ಲ. ಒಂದು ಎಲೆ ಕೈಯಲ್ಲೇ ಉಳಿಯಿತು. ಮಾವ ಅದನ್ನು ತೆಗೆದುಕೊಳ್ಳಲು ಹೋದರು. ಹಿರಿಯರ ಎಡೆ ನಿಲ್ಲಿಸಬಾರದು, ಮನೆಗೆ ಒಳ್ಳೆಯದಲ್ಲ ಎಂದು ಬೇಡಿಕೊಂಡರು. ಯಾರ ಮುಂದೆ ಇಡಲಿ ಎಂದು ಅಜ್ಜಿ ಕೇಳಿದಳು. ಮುತ್ತಜ್ಜನಿಗೆಂದು ತಂದ ಪಂಚೆ ಮಡಿಕೆ ಬಿಚ್ಚದೆ ಪೆಟ್ಟಿಗೆಗೆ ಹೋಯಿತು.

ಊಟವಾದ ಮೇಲೆ ಎಲ್ಲರೂ ಅಲ್ಲಲ್ಲೇ ಮಲಗಿದ್ದರು. ಅಜ್ಜಿ ನನ್ನ ಹತ್ತಿರ ಬಂದು ಕೂತಳು. ಆ ಜರ್ಮನಿಯವನಿಗೆ ಮಣ್ಣು ಮಾಡಿದ ಜಾಗ ಇದೆಯೇ ಎಂದು ಕೇಳಿದಳು. ಇದೆ, ಮೇಲೆ ಕಲ್ಲು ನಿಲ್ಲಿಸಿದ್ದಾರೆ, ಫೋಟೋ ನೋಡಿದ್ದೇನೆ ಎಂದೆ.

"ಅವನ ಮಕ್ಳು ಮೊಮ್ಮಕ್ಳು ಬಂದು ಹೂವ ಇಡ್ತಾರಾ?"

"ಇಡ್ತಾರಂತೆ ಅಜ್ಜಿ."

ಅಜ್ಜಿ ತನ್ನ ಬಲಗೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು. ಮತ್ತೊಮ್ಮೆ ಒರೆಸಿಕೊಂಡಳು.

"ನಾನೂ ಇಟ್ನಲ್ಲವ್ವ," ಎಂದಳು.