ಹರಕೆ ಹುಂಜದ ಸೊಟ್ಟಗಾಲು

ಗಾಯಗೊಂಡ ಪ್ರಾಣಿಗಳನ್ನು ಎತ್ತಿ ತಂದು ಸಾಕುವ ನನ್ನಂಥವರಿಗೆ ಅಳು ಸರಿಯಾದ ಹೊತ್ತಿಗೆ ಬರುವುದಿಲ್ಲ. ಚನ್ನಪಟ್ಟಣದ ರಸ್ತೆಯಲ್ಲಿ ಸಿಕ್ಕ ನಾಯಿಮರಿ ನನ್ನ ಮಡಿಲಲ್ಲೇ ಸತ್ತಾಗ ನಾನು ಅಳಲಿಲ್ಲ. ಮನೆಯಲ್ಲಿ ಇನ್ನೂ ಆರು ನಾಯಿಗಳಿಗೆ ಔಷಧಿ ಹಾಕುವುದಿತ್ತು. ನಾಲ್ಕು ದಿನ ಬಿಟ್ಟು, ಪಕ್ಕದ ಮನೆಯವರ ಜೊತೆ ಹೋಗಿದ್ದ ಯಾರದೋ ಮದುವೆಯಲ್ಲಿ, ಹೆಣ್ಣು ಒಪ್ಪಿಸುವಾಗ ಹೆಣ್ಣಿನ ತಾಯಿಗಿಂತ ಜೋರಾಗಿ ಅತ್ತುಬಿಟ್ಟೆ. ಹತ್ತಿರದ ನೆಂಟಳಿರಬೇಕೆಂದು ಅವರು ನನಗೊಂದು ಸೀರೆ ಕೊಟ್ಟು ಕಳಿಸಿದರು.

ಇನ್ನು ಯಾವ ಪ್ರಾಣಿಯನ್ನೂ ಹಚ್ಚಿಕೊಳ್ಳುವುದಿಲ್ಲ ಎಂದು ಆವತ್ತೇ ಆಣೆ ಮಾಡಿದೆ. ಆಣೆ ಮುರಿಸಿದ್ದು ಒಂದು ಹುಂಜ.

ಕೈಲಾಂಚದ ದಾರಿಯಲ್ಲಿ ಬೈಕು ತಗುಲಿ, ಕಾಲು ಮುರಿದುಕೊಂಡು ಬಿದ್ದಿತ್ತು. ಇನ್ನೊಂದು ಕಾಲಿಗೆ ಅರಿಶಿನದ ದಾರ. ಮಕ್ಕಳ ಚೇಷ್ಟೆ ಎಂದುಕೊಂಡು ಕತ್ತರಿಸಿ ಎಸೆದೆ. ಪಶು ಆಸ್ಪತ್ರೆಗೆ ರಜೆ ಇದ್ದದ್ದರಿಂದ ಎರಡು ಐಸ್‌ಕ್ರೀಮ್ ಕಡ್ಡಿ ಇಟ್ಟು ನಾನೇ ಪಟ್ಟಿ ಕಟ್ಟಿದೆ. ಮೂರು ವಾರದ ಮೇಲೆ ತೋರಿಸಲು ಒಯ್ದರೆ ಅಲ್ಲಿಯ ಕಾಂಪೌಂಡರ್ ಬಿದ್ದು ಬಿದ್ದು ನಕ್ಕ.

"ಬಾಗ್ಲು ಕೂರ್ಸೋರ್ನ ಕರ್ಸಿ ಕಟ್ಸಿದ್ರಾ ಮೇಡಂ? ಸೊಟ್ಟಗೆ ಕೂತ್‌ಬುಟ್ಟೈತೆ. ಇನ್ನು ಇದು ಹಿಂಗೇಯ."

ನಾಚಿಕೆಯಿಂದ ಸತ್ತೆ. ಹುಂಜಕ್ಕೆ ಮಾತ್ರ ನಾಚಿಕೆ ಇರಲಿಲ್ಲ. ಒಕ್ಕಣ್ಣಿನ ನಾಯಿಯ ಬೆನ್ನ ಮೇಲೆ ಮಲಗುತ್ತಿತ್ತು, ನನ್ನ ದೋಸೆಗೆ ಮೊದಲು ತಾನೇ ಬಾಯಿ ಹಾಕುತ್ತಿತ್ತು, ನಾನು ಫೋನಿನಲ್ಲಿ ಹೆಚ್ಚು ಮಾತಾಡಿದರೆ ಹಿಮ್ಮಡಿ ಕುಕ್ಕುತ್ತಿತ್ತು. ನನ್ನ ಕಷ್ಟಸುಖವೆಲ್ಲ ಅದರ ಮುಂದೆಯೇ ಹೇಳಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಗೇಟಿನ ಬಳಿ ಒಬ್ಬರು ಅಜ್ಜಿ ಬಂದು ನಿಂತರು.

"ನಮ್ ಹುಂಜ ನಿಮ್ಮನೇಲೈತಂತೆ ಕಣವ್ವ. ಮೊಮ್ಮಗಳು ಹುಸಾರಾದ್ರೆ ಅಂತ ಊರಮ್ಮಂಗೆ ಬುಟ್ಟಿದ್ದು. ಕಾಲ್ಗೆ ದಾರ ಕಟ್ಟಿದ್ದೆ. ಬರೋ ಮಂಗ್ಳಾರ ಕುಯ್ದು ಪರ ಮಾಡಿ ನೆಂಟ್ರಿಗೆಲ್ಲ ಊಟ ಇಕ್ಬೇಕು."

ಕಾಪಾಡುತ್ತೇನೆಂದು ದೇವರ ಹುಂಜವನ್ನೇ ಕದ್ದು ತಂದಿದ್ದೆ! ಹರಕೆ ಬೇಡ ಎನ್ನುವ ಬಾಯಿಯೂ ನನಗಿರಲಿಲ್ಲ. ಚಿಕ್ಕಂದಿನಲ್ಲಿ ನನಗೆ ಸಿಡುಬಿನ ಅಮ್ಮ ಎದ್ದಾಗ ಹೀಗೇ ಒಂದು ಹುಂಜ ಹರಕೆಗೆ ಹೋಗಿತ್ತು. ಅದರ ಕಾಲನ್ನು ನಾನೇ ಚೀಪಿದ್ದೆ.

ನಮ್ಮ ಹುಂಜ ನೀರಿನ ತೊಟ್ಟಿಯ ಮೇಲೆ ಮಂತ್ರಿಯ ಹಾಗೆ ಎದೆ ಉಬ್ಬಿಸಿ ನಿಂತಿತ್ತು.

"ಒಸಿ ನಡೀಲಿ, ನೋಡಾನ. ಊನ ಇರೋದ್ನ ಅಮ್ಮಂಗೆ ಕೊಡಂಗಿಲ್ಲ" ಎಂದರು ಅಜ್ಜಿ.

ಮೂರು ವಾರ 'ನೆಟ್ಟಗೆ ನಡೆಯಲಿ' ಎಂದು ಬೇಡಿಕೊಂಡಿದ್ದವಳು ಈಗ ಊರಮ್ಮನಿಗೇ 'ಕುಂಟಲಿ ತಾಯೀ' ಎಂದು ಕೈಮುಗಿದೆ. ಮುದ್ದೆಯ ಚೂರು ಎಸೆದೆ. ಹುಂಜ ಅಲ್ಲಾಡಲಿಲ್ಲ. ಒಕ್ಕಣ್ಣಿನ ನಾಯಿ ಮುದ್ದೆಗೆ ಬಾಯಿ ಹಾಕಿತು ನೋಡಿ, ಹುಂಜ ಧುಮುಕಿ, ಕುಡಿದವರ ಹಾಗೆ ಅಡ್ಡಡ್ಡ ಓಡಿತು.

"ಅಯ್ಯೋ! ಯಾರವ್ವ ಇದ್ರ ಕಾಲ್ನ ಹಿಂಗ್ ಕೆಡ್ಸಿದ್ದು?"

"ನಾನೇ ಅಜ್ಜಿ!" ಜೀವನದಲ್ಲಿ ಯಾವ ತಪ್ಪನ್ನೂ ಅಷ್ಟು ಖುಷಿಯಿಂದ ಒಪ್ಪಿಕೊಂಡಿರಲಿಲ್ಲ.

"ನೀನೇ ಮಡೀಕೊ ಬುಡು. ನಾನು ಬೇರೇದು ನೋಡ್ತೀನಿ."

ಅಜ್ಜಿಗೆ ಕಾಫಿ ಕೊಟ್ಟು ಕಳಿಸಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. 'ಬೇರೇದು' ಎಂಬ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಆ ಮಂಗಳವಾರ ಬಸ್ಸಿನಲ್ಲಿ ಅಜ್ಜಿ ನನ್ನ ಪಕ್ಕದಲ್ಲೇ ಬಂದು ಕೂತರು. ಬುಟ್ಟಿಯಲ್ಲೊಂದು ಬಿಳಿ ಹುಂಜ, ಕಾಲಿಗೆ ಅರಿಶಿನದ ದಾರ.

"ಕುಂಟ ಹೆಂಗವ್ನೆ?"

"ಚೆನ್ನಾಗಿದಾನೆ ಅಜ್ಜಿ."

"ಇದ್ನ ಒಸಿ ಇಡ್ಕೊ, ಎಲೆ ಅಡಕೆ ಹಾಕ್ಕೊತೀನಿ."

ಅವರ ಊರು ಬರುವವರೆಗೂ ಬುಟ್ಟಿ ನನ್ನ ಮಡಿಲಲ್ಲೇ ಇತ್ತು. ಹುಂಜದ ಮೈ ಬೆಚ್ಚಗಿತ್ತು, ಎರಡು ಕಾಲೂ ನೆಟ್ಟಗಿದ್ದವು. ಆವತ್ತು ಅಳು ಸರಿಯಾದ ಹೊತ್ತಿಗೇ ಬಂತು.

"ನೆಗಡೀನಾ ಅವ್ವ?" ಎಂದು ಅಜ್ಜಿ ತಮ್ಮ ಸೆರಗನ್ನೇ ಕೊಟ್ಟರು. ಹೌದೆಂದು ತಲೆಯಾಡಿಸಿ ಮೂಗು ಒರೆಸಿಕೊಂಡೆ.